ತೋಟೆ ಹೊಕ್ಕಿತು, ಆದರೆ ಅದು ಈ ಕೋವಿಯದಲ್ಲ: ಒಂದು ಜೋಡುನಳಿಗೆ ರೈಫಲ್‌ನ ಪ್ರಕರಣ

ಈ ಪ್ರಕರಣದ ಸಂಗ್ರಾಹಕರ ಹೆಸರು, ಕೋವಿ ಮಾಡಿದವರ ಹೆಸರು, ಅದರ ನಂಬರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳನ್ನೂ ನಡೆದ ಕ್ರಮವನ್ನೂ ಮಾತ್ರ ಮುಟ್ಟಿಲ್ಲ. ಇದರಲ್ಲಿ ನಾನು ಸಲಹೆಗಾರನಾಗಿದ್ದೆ. ಒಂದು ಕಡೆ ನನ್ನ ಸಲಹೆಯೇ ತಪ್ಪಿತು. ಅದನ್ನೂ ಬರೆದಿದ್ದೇನೆ.

ಹಿನ್ನೆಲೆ

ಸಂಗ್ರಾಹಕರು ಯಂತ್ರಗಳ ನಡುವೆ ದುಡಿದು ನಿವೃತ್ತರಾದವರು. ಪರವಾನಗಿ, ದಾಖಲೆ ಎಲ್ಲ ಚೊಕ್ಕ. ಹೊಸ ಕಾಲದ ರೈಫಲ್‌ಗಳಿಗೆ ಇಪ್ಪತ್ತು ವರ್ಷಗಳಿಂದ ತಾವೇ ತೋಟೆ ತುಂಬಿಕೊಳ್ಳುತ್ತಿದ್ದರು. ತಕ್ಕಡಿ, ಡೈ, ಪ್ರೆಸ್ಸು ಎಲ್ಲದರಲ್ಲೂ ಕೈ ಪಳಗಿತ್ತು. ಹಳೆಯ ಬೇಟೆ ರೈಫಲ್‌ಗಳಲ್ಲಿ ಅವರ ಬಳಿ ಇದ್ದವೆಲ್ಲ ಒಂಟಿ ನಳಿಗೆಯವು. ಮೊದಲ ಬಾರಿಗೆ ಒಂದು ಜೋಡುನಳಿಗೆ ತಂದರು: ಹೊರಗೆ ಎರಡು ಕುದುರೆ (ತೋಟೆಗೆ ಕಿಡಿ ಹೊತ್ತಿಸಲು ಬಡಿಯುವ ಸುತ್ತಿಗೆ), ಕೆಳಗೆ ತಿರುಗಿಸಿ ತೆರೆಯುವ ಲಿವರು, ಬ್ರಿಟಿಷ್ ಕೆಲಸ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು. ಜೊತೆಗೆ ಓಕ್ ಮರದ ಪೆಟ್ಟಿಗೆ. ಮುಚ್ಚಳದ ಒಳಗೆ ಅಂಟಿಸಿದ್ದ ಕಾಗದ ಅರ್ಧಕ್ಕೂ ಹೆಚ್ಚು ಹರಿದುಹೋಗಿತ್ತು. ಬಾರಿನ ಅಳತೆ, ಅಂದರೆ ಎಷ್ಟು ಮದ್ದು, ಎಷ್ಟು ತೂಕದ ಗುಂಡು ಎಂಬುದು, ಬರೆದಿರುತ್ತಿದ್ದ ಭಾಗವೇ ಇರಲಿಲ್ಲ.

ಮಾರಿದವರು ಕಟ್ಟಿದ್ದ ಚೀಟಿಯಲ್ಲಿ ‘.500, 3 ಇಂಚು’ ಎಂದಷ್ಟೇ ಇತ್ತು, ಅಂದರೆ ನಳಿಗೆಯ ಹೆಸರಿನ ಅಳತೆ ಅರ್ಧ ಇಂಚು, ತೋಟೆಯ ಹಿತ್ತಾಳೆ ಹೊದಿಕೆಯ (ಕೇಸು) ಉದ್ದ 3 ಇಂಚು. ಉಡುಗೊರೆಯಾಗಿ ಐದು ಹೊಸ ತೋಟೆ ಕೊಟ್ಟಿದ್ದರು. ಅವುಗಳ ಬುಡದಲ್ಲಿ ‘.500 ನೈಟ್ರೋ ಎಕ್ಸ್‌ಪ್ರೆಸ್ 3 ಇಂಚು’ ಎಂದು ಒತ್ತಿತ್ತು. ಸಂಗ್ರಾಹಕರು ಎರಡು ತೋಟೆ ಹಾಕಿ ನೋಡಿದ್ದಾರೆ. ಎಣ್ಣೆ ಹಚ್ಚಿದಂತೆ ಒಳಗೆ ಜಾರಿವೆ, ಕೋವಿ ಸಲೀಸಾಗಿ ಮುಚ್ಚಿದೆ. ಮರುದಿನ ಈಡು ಹೊಡೆಯುವುದೆಂದು ತೀರ್ಮಾನಿಸಿ, ಹಿಂದಿನ ಸಂಜೆ ಸಂತೋಷದಿಂದ ನನಗೆ ಫೋನು ಮಾಡಿದರು. ಹೊರಗೆ ಕುದುರೆ ಇರುವ ಕೋವಿಗಳು ಹೆಚ್ಚಾಗಿ ಕರಿಮದ್ದಿನ ಕಾಲದವು. ಅಂಥ ಕೋವಿ ಎಂದು ಕೇಳಿದ್ದೇ, ನಾಳೆ ಹೊಡೆಯಬೇಡಿ, ಮೊದಲು ನಳಿಗೆ ಕಳಚಿ ಅಡಿಭಾಗದ ಮುದ್ರೆಗಳ ಫೋಟೋ ಕಳಿಸಿ ಎಂದೆ.

ಸಮಸ್ಯೆ ಎಲ್ಲಿತ್ತು

ಇದು ಅರ್ಥವಾಗಲು ಸ್ವಲ್ಪ ಇತಿಹಾಸ ಬೇಕು. 1856ರಲ್ಲಿ ಲಂಡನ್ನಿನ ಜೇಮ್ಸ್ ಪರ್ಡಿ ತನ್ನ ಹೊಸ ಬಗೆಯ ರೈಫಲ್‌ಗೆ ‘ಎಕ್ಸ್‌ಪ್ರೆಸ್ ಟ್ರೈನ್’ ಎಂದು ಹೆಸರಿಟ್ಟ. ಹಗುರ ಗುಂಡು, ಅದಕ್ಕೆ ಭಾರೀ ಮದ್ದು, ಅದರಿಂದ ಆ ಕಾಲಕ್ಕೆ ದೊಡ್ಡ ವೇಗ ಎಂಬುದು ಅದರ ತತ್ವ. ‘ಎಕ್ಸ್‌ಪ್ರೆಸ್’ ಎಂಬ ಮಾತು ಅಲ್ಲಿಂದ ಬಂತು. ಆಗಿನದೆಲ್ಲ ಕರಿಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ. 1889ರಲ್ಲಿ ಬ್ರಿಟನ್ನಿನಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂತು. 1898ರಲ್ಲಿ ಜಾನ್ ರಿಗ್ಬಿ ಕಂಪನಿ .450 ನೈಟ್ರೋ ಎಕ್ಸ್‌ಪ್ರೆಸ್ ಹೊರತಂದಿತು. ‘ನೈಟ್ರೋ’ ಎಂದರೆ ಹೊಗೆಯಿಲ್ಲದ ಮದ್ದಿನದು ಎಂದು ಅರ್ಥ. ಆ ಹೊತ್ತಿಗೆ ತೋಟೆ ಮಾಡುವವರು ಹಲವು ಕಡೆ ಹೊಸ ಕೇಸು ಮಾಡುವ ಗೋಜಿಗೆ ಹೋಗಲಿಲ್ಲ. ಹಳೆಯ ಕರಿಮದ್ದಿನ ಕೇಸಿನ ಅಳತೆಯನ್ನೇ ಉಳಿಸಿಕೊಂಡು ಒಳಗೆ ಕಾರ್ಡೈಟ್ ತುಂಬಿದರು.

.500ರ ಕಥೆಯೂ ಅದೇ. 3 ಇಂಚಿನ ಹಿತ್ತಾಳೆ ಕೇಸು ಮೂರು ಅವತಾರ ಎತ್ತಿತು. ಮೊದಲನೆಯದು ಕರಿಮದ್ದಿನ ಎಕ್ಸ್‌ಪ್ರೆಸ್. ಎರಡನೆಯದು, ಕರಿಮದ್ದಿನ ಕೋವಿಗೆಂದೇ ಕಾರ್ಡೈಟನ್ನು ಹದವಾಗಿ ತುಂಬಿದ ‘ನೈಟ್ರೋ ಫಾರ್ ಬ್ಲ್ಯಾಕ್’. ಮೂರನೆಯದು ಪೂರ್ಣ ಶಕ್ತಿಯ ನೈಟ್ರೋ ಎಕ್ಸ್‌ಪ್ರೆಸ್. ಹೊರಗಿನಿಂದ ಮೂರೂ ಒಂದೇ ತೋಟೆ. ಕರಿಮದ್ದಿನದು 340 ಗ್ರೇನ್ (ಒಂದು ಗ್ರಾಮಿಗೆ ಸುಮಾರು 15 ಗ್ರೇನ್) ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 1,925 ಅಡಿ ವೇಗದಲ್ಲಿ ತಳ್ಳಿದರೆ, ನೈಟ್ರೋ ಎಕ್ಸ್‌ಪ್ರೆಸ್ 570 ಗ್ರೇನ್ ಗುಂಡನ್ನು 2,150 ಅಡಿ ವೇಗದಲ್ಲಿ ತಳ್ಳುತ್ತದೆ. ಗುಂಡಿನ ಶಕ್ತಿ ಎರಡು ಪಟ್ಟಿಗೂ ಹೆಚ್ಚು. ಒಳಗಿನ ಒತ್ತಡವಂತೂ ಕರಿಮದ್ದಿನ ಕೋವಿ ಕನಸಿನಲ್ಲೂ ಕಾಣದ್ದು.

ಫೋಟೋ ಬಂತು. ಕೋವಿಗಳ ಬಲ ಪರೀಕ್ಷಿಸಿ ಮುದ್ರೆ ಒತ್ತುವ ಪ್ರೂಫ್ ಹೌಸಿನ ಗುರುತುಗಳು ಸ್ಪಷ್ಟವಾಗಿದ್ದವು. ನೈಟ್ರೋಗೆ ಪರೀಕ್ಷೆಯಾದ ಗುರುತು ಎಲ್ಲೂ ಇರಲಿಲ್ಲ. ಅಂದರೆ ಆ ಐದು ತೋಟೆಗಳು ಈ ಕೋವಿಯೊಳಗೆ ಹೋಗುತ್ತವೆ ಎಂಬುದು ನಿಜ, ಹೋಗಲೇಬಾರದು ಎಂಬುದೂ ನಿಜ. ಸಂಗ್ರಾಹಕರು ಅಂದೇ ರಾತ್ರಿ ಅವನ್ನು ಬೇರೆ ಕಪಾಟಿಗೆ ಸಾಗಿಸಿದರು. ಈ ಪ್ರಕರಣದ ಅತಿ ಮುಖ್ಯ ತೀರ್ಮಾನ ಅದೇ, ಒಂದು ಫೋನು ಕರೆಯ ಅಂತರದಲ್ಲಿ ಆಗಿಹೋಯಿತು.

ಇನ್ನು ಉಳಿದದ್ದು ಎರಡನೆಯ ಪ್ರಶ್ನೆ: ಹಾಗಾದರೆ ಈ ಕೋವಿಯ ಬಾರು ಯಾವುದು?

ಅಳೆದದ್ದು

ಮೊದಲು ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗದ, ಅಚ್ಚು ತೆಗೆದೆವು. ಸೆರೋಸೇಫ್ ಎಂಬ ಬಿಸ್ಮತ್ ಬೆರೆತ ಲೋಹ ಕುದಿಯುವ ನೀರಿನ ಬಿಸಿಗಿಂತ ಕಡಿಮೆಯಲ್ಲೇ ಕರಗುತ್ತದೆ. ನಳಿಗೆಯೊಳಗೆ ಬಟ್ಟೆಯ ಬಿರಡೆ ಕೊಟ್ಟು ಸುರಿದರೆ ಕೂತುಕೊಳ್ಳುತ್ತದೆ. ಅದು ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ, ಸರಿಯಾಗಿ ಒಂದು ಗಂಟೆಗೆ ಚೇಂಬರಿನ ನಿಜವಾದ ಅಳತೆಗೆ ಬಂದು ನಿಲ್ಲುತ್ತದೆ. ಮರುದಿನ ಅಳೆದರೆ ದೊಡ್ಡದಾಗಿರುತ್ತದೆ. ಸಂಗ್ರಾಹಕರು ಗಡಿಯಾರ ಎದುರಿಗಿಟ್ಟುಕೊಂಡು ಕೂತು ಅಳೆದರು. ಎರಡೂ ಚೇಂಬರಿನ ಅಚ್ಚುಗಳಿಗೆ ‘ಬಲ’, ‘ಎಡ’ ಎಂದು ಗೀರಿ, ಅಳತೆ ಮತ್ತು ದಿನಾಂಕ ಬರೆದು, ಹತ್ತಿಯಲ್ಲಿ ಸುತ್ತಿ ಎತ್ತಿಟ್ಟರು. ಅಳೆದಾಯಿತಲ್ಲ ಎಂದು ಮತ್ತೆ ಕರಗಿಸಿಬಿಡುವವರೇ ಹೆಚ್ಚು. ಅವರು ಎತ್ತಿಟ್ಟದ್ದು ಮುಂದೆ ಕೆಲಸಕ್ಕೆ ಬಂತು.

ನಳಿಗೆಯ ಒಳ ಅಳತೆಗೆ ಮೆದು ಸೀಸದ ಉಂಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೂಕಿದೆವು. ಅಲ್ಲಿ ಒಂದು ತೊಡಕು. ಒಳಗೆ ಗುಂಡನ್ನು ತಿರುಗಿಸುವ ಏಳು ಗೀರು, ಬಂದೂಕು ತಯಾರಕ ಅಲೆಕ್ಸಾಂಡರ್ ಹೆನ್ರಿಯ ಮಾದರಿಯದು. ಗೀರುಗಳ ಸಂಖ್ಯೆ ಬೆಸವಾದರೆ ಒಂದು ಗೀರಿನ ಎದುರು ಇನ್ನೊಂದು ಗೀರು ಬರುವುದಿಲ್ಲ. ಮಾಮೂಲಿ ಕ್ಯಾಲಿಪರ್ ಕೊಡುವ ಅಂಕಿ ಸುಳ್ಳಾಗುತ್ತದೆ, ಯಾವಾಗಲೂ ಕಡಿಮೆಯಾಗಿಯೇ ತೋರಿಸುತ್ತದೆ. ಬೆಸ ಗೀರಿಗೆಂದೇ ಇರುವ ವಿ ಆಕಾರದ ದವಡೆಯ ಮೈಕ್ರೊಮೀಟರ್ ತರಿಸಿ ಅಳೆದಾಗ ಎಡ ನಳಿಗೆ 0.510 ಇಂಚು ಬಂತು, ಬಲ ನಳಿಗೆ ಅದಕ್ಕಿಂತ ಒಂದು ಸಾವಿರಾಂಶ ದೊಡ್ಡದು.

ಮೊದಲ ಪ್ರಯತ್ನ, ಮತ್ತು ತಪ್ಪು ಸಲಹೆ

ಸಂಗ್ರಾಹಕರಿಗೆ ಕರಿಮದ್ದಿನ ರಗಳೆ ಬೇಡವಾಗಿತ್ತು. ಹೊಗೆ, ಮಸಿ, ಪ್ರತಿ ಸಲವೂ ಬಿಸಿನೀರಿನ ತೊಳೆತ. ‘ನೈಟ್ರೋ ಫಾರ್ ಬ್ಲ್ಯಾಕ್’ ಇತ್ತಲ್ಲ, ಹೊಗೆರಹಿತ ಮದ್ದನ್ನೇ ಸ್ವಲ್ಪ ಹಾಕಿ, ಖಾಲಿ ಜಾಗಕ್ಕೆ ಹಗುರವಾದದ್ದೇನಾದರೂ ತುಂಬಿದರೆ ಆಗುವುದಿಲ್ಲವೇ ಎಂದು ಕೇಳಿದರು. ಆ ಹಳೆಯ ತೋಟೆಗಳನ್ನು ಒತ್ತಡ ಅಳೆಯುವ ಸಲಕರಣೆ ಇದ್ದ ಕಾರ್ಖಾನೆ ತುಂಬುತ್ತಿತ್ತು. ನಮ್ಮ ಬಳಿ ಅದು ಇರಲಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಬೇರೆಯವರು ಮಾಡಿದ್ದನ್ನು ಓದಿದ್ದೆ, ಸಂಗ್ರಾಹಕರ ಕೈಕೆಲಸದ ಮೇಲೆ ನಂಬಿಕೆಯಿತ್ತು. ಒಪ್ಪಿದೆ. ಅದು ತಪ್ಪು ನಿರ್ಧಾರ.

ಹೊಸ ಹಿತ್ತಾಳೆ ಕೇಸುಗಳು, ಕಡಿಮೆ ಬಾರು, ಮದ್ದಿನ ಮೇಲೆ ಕೃತಕ ನಾರು. ಕೋವಿಯನ್ನು ಚೌಕಟ್ಟಿಗೆ ಬಿಗಿದು ದೂರದಿಂದ ಹಗ್ಗ ಎಳೆದು ಹೊಡೆದೆವು. ಮೊದಲ ಕೆಲವು ಈಡು ಸೌಮ್ಯವಾಗಿದ್ದವು, ಆದರೆ ವೇಗಮಾಪಕದ ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಏಳನೆಯ ಕೇಸು ಬಲ ಚೇಂಬರಿನಿಂದ ಸುಲಭಕ್ಕೆ ಹೊರಬರಲಿಲ್ಲ. ಬಿಡಿಸಿ ಬೆಳಕಿಗೆ ಹಿಡಿದರು. ಗುಂಡಿನ ಬುಡ ಕೂತಿದ್ದ ಜಾಗದಲ್ಲಿ, ಹಿತ್ತಾಳೆಯ ಸುತ್ತ, ಉಗುರಿನಿಂದ ಗೀರಿದಷ್ಟು ತೆಳುವಾದ ಒಂದು ಹೊಳಪಿನ ಗೆರೆ. ಬೆರಳು ಸವರಿದರೆ ಸಿಗುವುದಿಲ್ಲ. ಓರೆಯಾಗಿ ತಿರುಗಿಸಿದಾಗ ಮಾತ್ರ ಕಾಣುತ್ತದೆ.

ಹಳೆಯ ಕೋವಿಗಳ ಒಡನಾಟ ಇರುವವರಿಗೆ ಆ ಗೆರೆ ಕಂಡರೆ ಎದೆ ಝಲ್ಲೆನ್ನುತ್ತದೆ. ದೊಡ್ಡ ಕೇಸಿನಲ್ಲಿ ಸ್ವಲ್ಪ ಹೊಗೆರಹಿತ ಮದ್ದು, ಅದರ ಮೇಲೆ ಬಿಲ್ಲೆಯೋ ನಾರೋ, ನಡುವೆ ಗಾಳಿ. ಹೀಗಿದ್ದಾಗ ಆ ತುಂಬು ವಸ್ತು ವೇಗವಾಗಿ ಹೋಗಿ ಗುಂಡಿನ ಬುಡಕ್ಕೆ ಬಡಿಯುತ್ತದೆ, ಅಲ್ಲೇ ಒತ್ತಡ ಒಮ್ಮೆಲೇ ಏರಿ ಚೇಂಬರಿನ ಉಕ್ಕು ಬಳೆಯಂತೆ ಉಬ್ಬುತ್ತದೆ. ಒಮ್ಮೆ ಉಬ್ಬಿದ ಚೇಂಬರು ಮತ್ತೆ ಮೊದಲಿನಂತಾಗುವುದಿಲ್ಲ.

ಅಂದು ಅಲ್ಲಿಗೆ ನಿಲ್ಲಿಸಿದೆವು. ಇನ್ನೊಂದು ಹೊಡೆದು ನೋಡೋಣ ಎಂದು ಇಬ್ಬರೂ ಹೇಳಲಿಲ್ಲ. ಮನೆಗೆ ಬಂದು ಬಲ ಚೇಂಬರಿನ ಹೊಸ ಅಚ್ಚು ತೆಗೆದು, ಒಂದು ಗಂಟೆ ಕಾದು, ಹಳೆಯ ಅಚ್ಚಿನ ಅಳತೆಯ ಪಕ್ಕದಲ್ಲಿಟ್ಟು ಕಾಲಿಂಚಿಗೊಂದರಂತೆ ಉದ್ದಕ್ಕೂ ಅಳೆದೆವು. ವ್ಯತ್ಯಾಸ ಸಿಗಲಿಲ್ಲ. ಆ ಮೊದಲ ಅಚ್ಚಿನ ಲೆಕ್ಕ ಇಲ್ಲದಿದ್ದರೆ ಉಕ್ಕು ಉಬ್ಬಿದೆಯೋ ಇಲ್ಲವೋ ಎಂದು ಹೇಳುವ ದಾರಿಯೇ ಇರುತ್ತಿರಲಿಲ್ಲ. ಹೊಗೆರಹಿತ ಮದ್ದಿನ ಡಬ್ಬಿಯನ್ನು ಸಂಗ್ರಾಹಕರು ಈ ಕೋವಿಯ ಕೆಲಸದಿಂದ ಪೂರ್ತಿ ದೂರ ಇಟ್ಟರು. ಅವರ ಮನಸ್ಸು ಬದಲಾದದ್ದು ಅಲ್ಲಿ.

ಕರಿಮದ್ದಿಗೆ ಮರಳಿ

ಕರಿಮದ್ದು ತುಂಬುವಾಗ ನಿಯಮ ತಿರುಗುಮುರುಗು. ಕೇಸಿನಲ್ಲಿ ಗಾಳಿಗೆ ಜಾಗವೇ ಇರಬಾರದು. ಮದ್ದು ಗುಂಡಿನ ಬುಡದವರೆಗೆ ಬಂದು, ಸ್ವಲ್ಪ ಒತ್ತಿಸಿಕೊಂಡೇ ಕೂರಬೇಕು. ಹಳೆಯ ಬಾರಿನ ಮದ್ದು 136 ಗ್ರೇನ್ ಎಂದು ದಾಖಲೆಗಳಲ್ಲಿದೆ. ಆ ಕಾಲದ ತೂಕದಲ್ಲಿ ಅದು 5 ಡ್ರಾಮ್. ಆದರೆ ಈಗಿನ ಕೇಸಿನಲ್ಲಿ ಅಷ್ಟು ಹಿಡಿಯುವುದಿಲ್ಲ. ಇಂದಿನ ಹಿತ್ತಾಳೆ ನೈಟ್ರೋ ಒತ್ತಡಕ್ಕೆ ಮಾಡಿದ್ದು, ಗೋಡೆ ದಪ್ಪ, ಒಳಗಿನ ಜಾಗ ಕಡಿಮೆ. ಎರಡೂ ಬಗೆಯ ಕೇಸಿಗೆ ನೀರು ತುಂಬಿ ತೂಗಿದಾಗ ವ್ಯತ್ಯಾಸ ಕಣ್ಣಿಗೆ ಕಂಡಿತು.

ಹಾಗಾದರೆ ಹಳೆಯ ಕೇಸನ್ನೇ ಬಳಸೋಣ ಎಂದು ಸಂಗ್ರಾಹಕರು ಕೈನಾಕ್ ಕಂಪನಿಯ ಇಪ್ಪತ್ತು ಹಳೆಯ ಕೇಸು ಹುಡುಕಿ ತಂದರು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮದ್ದಿಗೆ ಕಿಡಿ ಹೊತ್ತಿಸುವ ಹಳೆಯ ಕೇಪುಗಳಲ್ಲಿ ಪಾದರಸದ ಸಂಯುಕ್ತ ಇರುತ್ತಿತ್ತು. ಕಾರ್ಡೈಟಿನ ಜೊತೆ ಅದು ಉರಿದಾಗ ಪಾದರಸ ಹಿತ್ತಾಳೆಗೆ ಸೇರಿ ಅದನ್ನು ಪೆಡಸು ಮಾಡುತ್ತದೆ, ಕರಿಮದ್ದಾದರೆ ಅದರ ಮಸಿಯೇ ಬಹುಪಾಲು ಹೊತ್ತೊಯ್ಯುತ್ತದೆ. ತಂದ ಕೇಸುಗಳಲ್ಲಿ ಹಿಂದೆ ಯಾವ ಮದ್ದು ಉರಿದಿತ್ತೋ ಹೇಳುವವರಿಲ್ಲ. ಮೊದಲ ಐದರಲ್ಲಿ ಮೂರು ಒಡೆದವು. ಉಳಿದವು ಗಾಜಿನ ಕಪಾಟಿಗೆ ಹೋದವು.

ಹೊಸ ಕೇಸಿಗೇ ಮರಳಿದೆವು. ಎರಡಡಿ ಉದ್ದದ ಹಿತ್ತಾಳೆ ಕೊಳವೆಯಿಂದ ಮದ್ದನ್ನು ನಿಧಾನಕ್ಕೆ ಸುರಿದರೆ ಕಾಳುಗಳು ಒತ್ತೊತ್ತಾಗಿ ಕೂರುತ್ತವೆ. ಅದರ ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಜೇನುಮೇಣ ಮತ್ತು ಕೊಬ್ಬು ಬೆರೆಸಿದ ಜಿಡ್ಡಿನ ಪದರ, ಮತ್ತೊಂದು ಬಿಲ್ಲೆ, ಆಮೇಲೆ ಗುಂಡು. ಗುಂಡು ಇಪ್ಪತ್ತು ಭಾಗ ಸೀಸಕ್ಕೆ ಒಂದು ಭಾಗ ತವರದ್ದು. ಸಂಗ್ರಾಹಕರು 440 ಗ್ರೇನಿನ ಗುಂಡು ಆರಿಸಿದ್ದರು. ಅದನ್ನು ಎರೆಯಲು ಹೊಸ ಅಚ್ಚನ್ನೂ ಮಾಡಿಸಿದ್ದರು. ಆ ತೂಕದ ಗುಂಡೂ ಈ ಕ್ಯಾಲಿಬರಿಗೆ ಹಿಂದೆ ಇದ್ದದ್ದೇ, ಆಯ್ಕೆಯಲ್ಲಿ ತಪ್ಪು ಕಾಣುವಂತಿರಲಿಲ್ಲ.

ಐವತ್ತು ಗಜದಲ್ಲಿ ಹೊಡೆದೆವು. ಪ್ರತಿ ನಳಿಗೆಯೂ ತನ್ನಷ್ಟಕ್ಕೆ ಚೆನ್ನಾಗಿ ಹೊಡೆಯುತ್ತಿತ್ತು, ಮೂರು ಗುಂಡು ಅಂಗೈ ಅಗಲದೊಳಗೆ. ಆದರೆ ಬಲ ನಳಿಗೆಯ ಗುಂಡುಗಳು ಬಲಕ್ಕೆ, ಎಡದವು ಎಡಕ್ಕೆ, ನಡುವೆ ಒಂದು ಗೇಣಿಗೂ ಹೆಚ್ಚು. ಮರಳಿನ ಚೀಲದ ಮೇಲೆ ಕೋವಿಯನ್ನು ನೇರ ಇಟ್ಟರೆ ಅದು ಚಿಮ್ಮಿ ಗುರಿ ಕೆಡಿಸುತ್ತದೆ. ಹಾಗಾಗಿ ಚೀಲದ ಮೇಲೆ ಕೈಯಿಟ್ಟು, ಕೈಯಲ್ಲಿ ಕೋವಿ ಹಿಡಿದು ಹೊಡೆದೆವು. ಬಲ, ಎಡ ಎಂದು ಒಂದರ ಬೆನ್ನಿಗೆ ಒಂದು ಹೊಡೆದು, ಪ್ರತಿ ಜೋಡಿಯ ನಂತರ ನಳಿಗೆ ಒರೆಸಿದೆವು. ಫಲ ಬದಲಾಗಲಿಲ್ಲ.

ನಳಿಗೆಗಳು ಹೇಳಿದ್ದು

ಜೋಡುನಳಿಗೆಯ ನಳಿಗೆಗಳು ಒಂದಕ್ಕೊಂದು ಸಮಾನಾಂತರವಾಗಿರುವುದಿಲ್ಲ. ತುದಿಯತ್ತ ಸ್ವಲ್ಪ ಕೂಡಿಕೊಂಡಿರುತ್ತವೆ. ಬಲ ನಳಿಗೆ ಈಡಾದಾಗ ಕೋವಿ ಹಿಂದಕ್ಕೆ ಒದೆಯುತ್ತ ಮೇಲಕ್ಕೂ ಬಲಕ್ಕೂ ಹೊರಳುತ್ತದೆ. ಗುಂಡು ನಳಿಗೆಯೊಳಗೆ ಇರುವಾಗಲೇ ಈ ಹೊರಳುವಿಕೆ ಶುರುವಾಗಿರುತ್ತದೆ. ಅದನ್ನು ಸರಿದೂಗಿಸಲೆಂದೇ ನಳಿಗೆಗಳನ್ನು ಒಳಮುಖ ಮಾಡಿ ಬೆಸೆದಿರುತ್ತಾರೆ. ಕೆಲಸಗಾರನೊಬ್ಬ ತುದಿಯಲ್ಲಿ ಬೆಣೆ ಇಟ್ಟು, ಗೊತ್ತಾದ ಒಂದು ಬಾರನ್ನೇ ಹೊಡೆದು ನೋಡಿ, ಬೆಸುಗೆ ಕರಗಿಸಿ, ಬೆಣೆ ಕೂದಲೆಳೆಯಷ್ಟು ಸರಿಸಿ, ಮತ್ತೆ ಬೆಸೆದು, ಮತ್ತೆ ಹೊಡೆದು, ಎರಡೂ ಗುಂಡು ಒಂದೆಡೆ ಬೀಳುವ ತನಕ ಕೂತಿರುತ್ತಿದ್ದ. ಅವನು ಆವತ್ತು ಯಾವ ಬಾರು ಬಳಸಿದನೋ ಆ ಬಾರಿಗೆ ಮಾತ್ರ ಆ ನಳಿಗೆಗಳು ಒಂದಾಗುತ್ತವೆ. ಪೆಟ್ಟಿಗೆಯ ಕಾಗದ ಹರಿದುಹೋಗಿದ್ದರೂ ಅಳತೆ ಕಳೆದುಹೋಗಿರಲಿಲ್ಲ, ಬೆಸುಗೆಯಲ್ಲೇ ಉಳಿದಿತ್ತು.

ಗುಂಡು ನಿಧಾನವಾದರೆ ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಕೋವಿ ಹೆಚ್ಚು ಹೊರಳುತ್ತದೆ, ಗುಂಡುಗಳು ಆಚೀಚೆ ಹರಡುತ್ತವೆ. ಅತಿ ವೇಗವಾದರೆ ಹೊರಳುವ ಮೊದಲೇ ಹೊರಬಿದ್ದು ಅಡ್ಡ ಹಾಯುತ್ತವೆ, ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ. ನಮ್ಮವು ಹರಡುತ್ತಿದ್ದವು. ಅಂದರೆ ನಾವು ನಿಧಾನ. ವೇಗಮಾಪಕವೂ ಅದನ್ನೇ ಹೇಳಿತು: 1,650 ಅಡಿಯ ಆಸುಪಾಸು.

ಮದ್ದಿನ ಕಾಳನ್ನು ಒಂದು ಹಂತ ಸಣ್ಣದು ಮಾಡಿದೆವು. ಅಂತರ ಒಂದು ಗೇಣಿನಿಂದ ನಾಲ್ಕೈದು ಬೆರಳಿಗೆ ಇಳಿಯಿತು, ಅಲ್ಲಿಗೆ ನಿಂತಿತು. ಇನ್ನಷ್ಟು ಒತ್ತಿ ತುಂಬಿದರೆ ಗುಂಡಿನ ಬುಡ ವಿಕಾರವಾಗುತ್ತಿತ್ತು. ಇಷ್ಟು ಸಾಕು ಎಂದುಕೊಂಡರೂ ಆಗುತ್ತಿತ್ತು. ಸಂಗ್ರಾಹಕರಿಗೆ ಸಮಾಧಾನವಾಗಲಿಲ್ಲ.

ಆ ವಾರ ಅವರು ಪೆಟ್ಟಿಗೆಯ ದುರಸ್ತಿಗೆ ಕೂತರು. ಒಳಗಿನ ಹಸಿರು ಬಟ್ಟೆ ಒಂದು ಮೂಲೆಯಲ್ಲಿ ಎದ್ದಿತ್ತು. ಅಂಟಿಸುವ ಮೊದಲು ಧೂಳು ತೆಗೆಯಲು ಎತ್ತಿದಾಗ ಕೆಳಗಿನ ಖಾನೆಯಲ್ಲಿ ಎಣ್ಣೆಬಟ್ಟೆ ಸುತ್ತಿದ ಕಬ್ಬಿಣದ ಇಕ್ಕಳವೊಂದು ಸಿಕ್ಕಿತು. ಗುಂಡು ಎರೆಯುವ ಅಚ್ಚು. ಅದರೊಂದಿಗೆ ಗುಂಡಿನ ಮೂತಿಯಲ್ಲಿ ತೂತು ಬಿಡಿಸುವ ಕಡ್ಡಿಯೂ ಇತ್ತು. ಆ ತೂತಿಗೆ ತಾಮ್ರದ ಪುಟ್ಟ ಕೊಳವೆ ಕೂರಿಸುವುದು ಎಕ್ಸ್‌ಪ್ರೆಸ್ ಗುಂಡುಗಳ ಪದ್ಧತಿ. ಅಂದೇ ರಾತ್ರಿ ಸೀಸ ಕರಗಿಸಿ ಎರೆದು ತೂಗಿದರು. 338 ಗ್ರೇನ್.

ಫೋನಿನಲ್ಲಿ ಅವರು ಆ ಅಂಕಿ ಹೇಳಿದಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಎಕ್ಸ್‌ಪ್ರೆಸ್’ ಎಂದರೆ ಹಗುರ ಗುಂಡು, ಭಾರೀ ಮದ್ದು ಎಂದು ಅವರಿಗೆ ಮೊದಲ ದಿನ ವಿವರಿಸಿದ್ದೇ ನಾನು. ಆದರೂ 440ರ ಅಚ್ಚು ಮಾಡಿಸುವಾಗ ಇಬ್ಬರೂ ಆ ಹೆಸರಿನ ಅರ್ಥವನ್ನು ಈ ಕೋವಿಗೆ ಹಚ್ಚಿ ನೋಡಿರಲಿಲ್ಲ.

ಅದೇ ಕೇಸು, ಅದೇ ಮದ್ದು, ಹಳೆಯ ಅಚ್ಚಿನ ಗುಂಡು. ವೇಗ 1,830 ಅಡಿಗೆ ಏರಿತು. ಒದೆತ ಕಡಿಮೆಯಾದದ್ದು ಭುಜಕ್ಕೇ ಗೊತ್ತಾಯಿತು. ಬಲ, ಎಡ, ಬಲ, ಎಡ. ನಾಲ್ಕು ಗುಂಡುಗಳನ್ನೂ ಒಂದು ಅಂಗೈ ಮುಚ್ಚುತ್ತಿತ್ತು. ಯಾವ ತೂತು ಯಾವ ನಳಿಗೆಯದೆಂದು ಕಾಗದ ನೋಡಿ ಹೇಳಲಾಗುತ್ತಿರಲಿಲ್ಲ.

ಆಮೇಲೆ ತೆಗೆದುಕೊಂಡ ತೀರ್ಮಾನಗಳು

ಕೋವಿಗೆ ಬಾರು ಸಿಕ್ಕಿತು, ಆದರೆ ಒಂದು ಅಪಾಯ ಹಾಗೇ ಉಳಿದಿತ್ತು. ಬಳಸುತ್ತಿರುವ ಕೇಸುಗಳ ಬುಡದಲ್ಲಿ ಈಗಲೂ ‘.500 ನೈಟ್ರೋ ಎಕ್ಸ್‌ಪ್ರೆಸ್’ ಎಂದೇ ಇದೆ. ನಾಳೆ ಈ ಪೆಟ್ಟಿಗೆ ಯಾರದೋ ಕೈಗೆ ಹೋದರೆ, ಖಾಲಿ ಕೇಸಿನ ಬರಹ ನೋಡಿ ಅದೇ ಹೆಸರಿನ ಅಂಗಡಿ ತೋಟೆ ತರುತ್ತಾರೆ. ಅದೂ ಎಣ್ಣೆ ಹಚ್ಚಿದಂತೆ ಜಾರಿ ಕೂರುತ್ತದೆ. ಆದ್ದರಿಂದ ಸಂಗ್ರಾಹಕರು ಕೇಸುಗಳನ್ನು ಕೋವಿಯ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಪ್ರತಿ ಕೇಸಿನ ಬುಡಕ್ಕೂ ಕಪ್ಪು ಬಣ್ಣದ ಪಟ್ಟಿ ಬಳಿದಿದ್ದಾರೆ. ಉಡುಗೊರೆಯಾಗಿ ಬಂದ ಐದು ತೋಟೆಗಳನ್ನು, ನೈಟ್ರೋ ಪ್ರೂಫ್ ಆದ ಅದೇ ಕ್ಯಾಲಿಬರಿನ ಕೋವಿ ಇರುವ ಪರವಾನಗಿದಾರರಿಗೆ ಕಾಗದಪತ್ರ ಸಮೇತ ಒಪ್ಪಿಸಿದರು.

ನಾನು ಇಂಥ ಕೋವಿಗಳಿಗೆ ಸಲಹೆ ಕೊಡುವ ಕ್ರಮವೂ ಬದಲಾಗಿದೆ. ಒತ್ತಡ ಅಳೆಯುವ ಸಲಕರಣೆ ಇಲ್ಲದ ಕಡೆ, ಕರಿಮದ್ದಿಗೆ ಮಾತ್ರ ಪ್ರೂಫ್ ಆದ ಕೋವಿಗೆ ಹೊಗೆರಹಿತ ಮದ್ದಿನ ಮಾತನ್ನೇ ಎತ್ತುವುದಿಲ್ಲ, ಕೇಳುವವರು ಎಷ್ಟೇ ಅನುಭವಿಗಳಾಗಿರಲಿ. ಜೋಡುನಳಿಗೆ ತಂದವರಿಗೆ ಮೊದಲು ಕೇಳುವುದು ಪೆಟ್ಟಿಗೆ ಇದೆಯೇ, ಒಳಗಿನ ಬಟ್ಟೆ ಎತ್ತಿ ನೋಡಿದ್ದೀರಾ ಎಂದು. ಗುಂಡಿನ ತೂಕ ಗೊತ್ತಾಗುವ ತನಕ ಹೊಸ ಅಚ್ಚು ಮಾಡಿಸಬೇಡಿ ಎನ್ನುತ್ತೇನೆ.

ಮುಚ್ಚಳದ ಒಳಗೆ, ಹರಿದ ಕಾಗದದ ಪಕ್ಕದಲ್ಲಿ, ಸಂಗ್ರಾಹಕರು ತಮ್ಮ ಕೈಬರಹದ ಒಂದು ಚೀಟಿ ಅಂಟಿಸಿದ್ದಾರೆ: ‘ಕರಿಮದ್ದು ಮಾತ್ರ. ನೈಟ್ರೋ ಪ್ರೂಫ್ ಇಲ್ಲ. ಗುಂಡು 338 ಗ್ರೇನ್, ಅಚ್ಚು ಕೆಳಗಿನ ಖಾನೆಯಲ್ಲಿದೆ.’ ಅದರ ಕೆಳಗೆ ಎರಡೂ ನಳಿಗೆಗಳ ಅಳತೆ, ದಿನಾಂಕ. ಚೇಂಬರಿನ ಅಚ್ಚುಗಳು ಹತ್ತಿ ಸುತ್ತಿಕೊಂಡು ಗುಂಡಿನ ಅಚ್ಚಿನ ಪಕ್ಕದಲ್ಲೇ ಇವೆ.